ಫರಸಿ ಕಲ್ಲಿನ ಮೇಲೆ ಸಾಫ್ಟ್‌ಬಾಲ್

ಕಳೆದ ತಿಂಗಳು ಶಾಲಾ ಕ್ರೀಡಾಕೂಟಕ್ಕೆಂದು ಹನ್ನೆರಡು ಹುಡುಗಿಯರನ್ನು ಕರೆದುಕೊಂಡು ಶಹಾಬಾದಿಗೆ ಹೋಗಿದ್ದೆ. ನಾನು ಚಿಂಚೋಳಿ ಹತ್ತಿರದ ಚಂದಾಪುರದಲ್ಲಿ ಒಂದು ಹೈಸ್ಕೂಲಿನ ದೈಹಿಕ ಶಿಕ್ಷಣದ ಟೀಚರು. ಊರು ಸಮೀಪಿಸುತ್ತಿದ್ದಂತೆ ಬಸ್ಸಿನ ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಕಲ್ಲು ಕೊಯ್ಯುವ ಗರಗಸದ ಮೇಲೆ ನೀರು ಬಿಟ್ಟಾಗ ಏಳುವ ವಾಸನೆ ಅದು, ಹಸಿ ಸುಣ್ಣವೂ ಬಿಸಿ ಕಬ್ಬಿಣವೂ ಕೂಡಿದ್ದು. ಹುಡುಗಿಯರು ಮೂಗು ಮುಚ್ಚಿಕೊಂಡು ನಕ್ಕರು. ಹನ್ನೆರಡು ವರ್ಷ ಕಳೆದರೂ ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಅಂಗೈ ಬೆವರುತ್ತದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಮನೆ ಚಿತ್ತಾಪುರದಲ್ಲಿ, ಕಾಲೇಜು ಶಹಾಬಾದಿನಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ಹಿಡಿದು ವಾಡಿ ಜಂಕ್ಷನ್, ಅಲ್ಲಿ ಇಳಿದು ಇನ್ನೊಂದು ಗಾಡಿ. ಮೊದಲನೆಯದು ತಡವಾದರೆ ಎರಡನೆಯದು ತಪ್ಪುತ್ತಿತ್ತು. ಹಾಗಾಗಿ ದಿನ ಶುರುವಾಗುವುದೇ ಎದೆ ಡವಗುಟ್ಟುವುದರಿಂದ. ನಾನು ಹುಟ್ಟಾ ಪುಕ್ಕಲು ಎಂದು ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನಮ್ಮ ಕಾಲೇಜಿಗೆ ಸಾಫ್ಟ್‌ಬಾಲ್ ತಂದವರು ಪಿಟಿ ಮಾಸ್ತರರಾದ ಮೌಲಾಸಾಬ್ ಸರ್. ಎಲ್ಲೋ ಹತ್ತು ದಿನದ ತರಬೇತಿಗೆ ಹೋಗಿದ್ದವರು ಎರಡು ಬ್ಯಾಟು, ನಾಲ್ಕು ಚೆಂಡು, ಒಂದು ತೆಳು ಇಂಗ್ಲಿಷ್ ಪುಸ್ತಕ ಹಿಡಿದು ಬಂದರು. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, "ಇದು ಕ್ರಿಕೆಟ್ಟೂ ಅಲ್ಲ, ಖೋಖೋನೂ ಅಲ್ಲ. ಎರಡರ ನಡುವಿಂದು ಅಂತ ತಿಳ್ಕೊರಿ" ಎಂದರು. ಕೆಳಗಿನಿಂದ ಕೈ ಸುತ್ತಿ ಒಬ್ಬಳು ಚೆಂಡು ಎಸೆಯಬೇಕು. ಬ್ಯಾಟಿನಿಂದ ಹೊಡೆದವಳು ಓಡಿ ಒಂದು, ಎರಡು, ಮೂರು ಎಂದು ಬೇಸುಗಳನ್ನು ಮುಟ್ಟಿ, ಹೊಡೆದ ಜಾಗಕ್ಕೇ, ಅಂದರೆ 'ಮನೆ'ಗೆ, ತಿರುಗಿ ಬಂದರೆ ಒಂದು ರನ್. ದಾರಿಯಲ್ಲಿ ಚೆಂಡು ಹಿಡಿದ ಕೈ ಮೈಗೆ ತಾಗಿದರೆ ಔಟು. ಸುತ್ತಮುತ್ತಲಿನ ಕಾಲೇಜುಗಳಲ್ಲಿ ಬೇರೆ ಯಾರೂ ಆಡುತ್ತಿರಲಿಲ್ಲವಾದ್ದರಿಂದ, ಸೇಡಂನಿಂದ ಬರುತ್ತಿದ್ದ ನಾಲ್ವರನ್ನು ಸೇರಿಸಿಕೊಂಡು ನಾವೇ ವಿಶ್ವವಿದ್ಯಾಲಯದ ಮಹಿಳಾ ತಂಡವಾಗಿಬಿಟ್ಟೆವು. ಸಂಕ್ರಾಂತಿ ಹೊತ್ತಿಗೆ ಅಖಿಲ ಭಾರತ ಪಂದ್ಯಾವಳಿ, ಉತ್ತರದ ಕಡೆ ಎಲ್ಲೋ. ಆಡಲು ಬರುತ್ತದೋ ಇಲ್ಲವೋ ಎಂದು ತಿಳಿಯುವ ಮೊದಲೇ ನಮ್ಮ ಹೆಸರು ಹೋಗಿತ್ತು.

ಪುಸ್ತಕದ ಚಿತ್ರದಲ್ಲಿ ಬೇಸುಗಳೆಂದರೆ ನಾಲ್ಕು ಬಿಳಿ ಚೌಕಗಳು. ಶಹಾಬಾದಿನಲ್ಲಿ ಯಾವುದಾದರೂ ವಸ್ತು ಚೌಕವಾಗಿ, ಚಪ್ಪಟೆಯಾಗಿ ಇದೆ ಎಂದರೆ ಅದು ಕಲ್ಲೇ. ಮನೆಯ ನೆಲ ಕಲ್ಲು, ಗೋಡೆ ಕಲ್ಲು, ಅಂಗಡಿಯ ಕಪಾಟು ಕಲ್ಲು, ನೀರಿನ ತೊಟ್ಟಿಯ ಮುಚ್ಚಳ ಕಲ್ಲು. ಯಾರಿಗೂ ಅನುಮಾನ ಬರಲಿಲ್ಲ. ನಮ್ಮ ತಂಡದ ಒಬ್ಬ ಹುಡುಗಿಯ ತಂದೆಗೆ ಪಾಲಿಶ್ ಕಾರ್ಖಾನೆ ಇತ್ತು. ಮಗಳ ಆಟಕ್ಕೆಂದು ಅವರು ಮುತುವರ್ಜಿಯಿಂದ ನೆಲಕ್ಕೆ ಹಾಸುವ ನಾಲ್ಕು ಫರಸಿಗಳನ್ನು ಕೊಯ್ಯಿಸಿ, ಮುಖ ಕಾಣುವ ಹಾಗೆ ಪಾಲಿಶ್ ಹೊಡೆಸಿ ಕಳಿಸಿದರು. ಸರ್ ಅವುಗಳನ್ನು ಮೈದಾನದಲ್ಲಿ ಹೂಳಿಸಿದರು. ಬೇಸು ಎಂದರೆ ಒಳಗೆ ಮೆತ್ತನೆಯದೇನೋ ತುಂಬಿದ ಬಟ್ಟೆಯ ಚೀಲ ಎಂದು ಪುಸ್ತಕದಲ್ಲೇ ಬರೆದಿತ್ತಂತೆ. ಆ ಪುಟದವರೆಗೆ ಇಂಗ್ಲಿಷ್ ಓದುವ ತಾಳ್ಮೆ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ.

ದಸರೆ ಮುಗಿದು ಎರಡು ವಾರವಾಗಿರಲಿಲ್ಲ, ವಾಡಿಯ ಸವಿತಾ ಎರಡನೇ ಫರಸಿಯ ಮೇಲೆ ಜಾರಿ ಬಿದ್ದಳು. ಕ್ಯಾನ್ವಾಸ್ ಬೂಟು, ಬೆಳಗಿನ ಮಂಜು, ಪಾಲಿಶ್ ಕಲ್ಲು. ಹಿಮ್ಮಡಿಯ ಮೇಲಿನ ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತ್ತು. ಪ್ರಿನ್ಸಿಪಾಲರು ಮೈದಾನಕ್ಕೆ ಬಂದು ಸರ್ ಅವರನ್ನು ನಮ್ಮೆದುರಿಗೇ ಬೈದರು. "ಇನ್ನೊಂದು ಹುಡುಗಿ ಬಿದ್ದಳು ಅಂದ್ರ ಬ್ಯಾಟು ಕಪಾಟಿನಾಗ ಇಟ್ಟು ಕೀಲಿ ಹಾಕ್ತೀನಿ. ಹೆಣ್ಮಕ್ಕಳ ಕಾಲು ಮುರಿದು ಕಳಿಸಿದ್ರ ಅವರ ಮನಿಯವರಿಗೆ ಜವಾಬು ಯಾರು ಕೊಡಬೇಕ್ರಿ?" ಸವಿತಾಳ ಕಾಲಿಗಿಂತ ಬ್ಯಾಟಿನ ಕೀಲಿಯ ಚಿಂತೆಯೇ ನಮಗೆ ಹೆಚ್ಚಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಆ ಸಂಜೆ ನಮ್ಮ ಕ್ಯಾಪ್ಟನ್ ಮಾದೇವಿ ಒಂದು ಕಾನೂನು ಮಾಡಿದಳು. ಎಷ್ಟೇ ಜೋರಾಗಿ ಓಡಿ ಬರಲಿ, ಫರಸಿಗೆ ಮೂರು ಹೆಜ್ಜೆ ಇರುವಾಗ ವೇಗ ಇಳಿಸಬೇಕು, ಸಣ್ಣ ಹೆಜ್ಜೆ ಹಾಕಿ ಕಲ್ಲಿನ ಮೇಲೆ ಕಾಲಿಡಬೇಕು. ಯಾರಾದರೂ ಮರೆತರೆ ಸುತ್ತ ನಿಂತವರೆಲ್ಲ "ಸಣ್ಣ ಹೆಜ್ಜಿ!" ಎಂದು ಕೂಗಬೇಕು. ಮೂರು ತಿಂಗಳು ಆ ಮೈದಾನದಲ್ಲಿ ಬೇರೆ ಮಾತೇ ಇರಲಿಲ್ಲ. ಕಾಲೇಜಿನ ಹುಡುಗರು ರಸ್ತೆಯಲ್ಲಿ ನಮ್ಮನ್ನು ಕಂಡರೆ "ಸಣ್ಣ ಹೆಜ್ಜಿ, ಸಣ್ಣ ಹೆಜ್ಜಿ" ಎಂದು ಅಣಕಿಸುತ್ತಿದ್ದರು. ಮತ್ತೆ ಯಾರೂ ಬೀಳಲಿಲ್ಲ, ಅದೇ ನಮ್ಮ ದೊಡ್ಡ ಸಾಧನೆ ಎಂದುಕೊಂಡಿದ್ದೆವು.

ಮಾದೇವಿ ದಂಡೋತಿಯವಳು. ಕಾಗಿಣಾ ನದಿಯ ದಂಡೆಗೆ ಅವರ ಹೊಲ. ಸುಗ್ಗಿಯಲ್ಲಿ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಜೋಳಕ್ಕೆ ಬಂದ ಹಕ್ಕಿ ಓಡಿಸಿದ ತೋಳು ಅದು. ಕೈ ಸುತ್ತಿ ಚೆಂಡು ಎಸೆಯುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಲಿಲ್ಲ. ಕೊರಳಲ್ಲಿ ಲಿಂಗವಿದ್ದ ಬೆಳ್ಳಿಯ ಕರಡಿಗೆ, ಆಡುವಾಗ ಅದನ್ನು ಅಂಗಿಯೊಳಗೆ ಸೇರಿಸಿ ಪಿನ್ನು ಹಾಕಿಕೊಳ್ಳುತ್ತಿದ್ದಳು. ಮಾತು ಒರಟು, ನಗು ಕಡಿಮೆ. ಓದಿನಲ್ಲಿ ಹಿಂದೆ. ಇಂಗ್ಲಿಷಿನಲ್ಲಿ ಎರಡು ಸಲ ಢುಮ್ಕಿ ಹೊಡೆದಿದ್ದಳು. ಆದರೆ ಏನಾಗಬೇಕೆಂದು ನಮ್ಮೆಲ್ಲರಲ್ಲಿ ತಿಳಿದಿದ್ದು ಅವಳೊಬ್ಬಳಿಗೇ.

ದೈಹಿಕ ಶಿಕ್ಷಣದ ಕಾಲೇಜಿನ ಸೀಟು ಅವಳಿಗೆ ಬೇಕಿತ್ತು. ಆ ಸೀಟಿಗೆ ಡಿಗ್ರಿಯ ಅಂಕಗಳ ಜೊತೆ ಆಟದ ಪ್ರಮಾಣಪತ್ರವನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದರು. ರಾಷ್ಟ್ರಮಟ್ಟದಲ್ಲಿ ಮೊದಲ ನಾಲ್ಕು ತಂಡಗಳಲ್ಲಿ ಬಂದವರ ಕಾಗದಕ್ಕೆ ಭಾರೀ ಬೆಲೆ. ಬರೀ ಭಾಗವಹಿಸಿದವರ ಕಾಗದ ನಾಮಕಾವಾಸ್ತೆ. ಅವಳ ಅಣ್ಣ ಈ ಒಂದು ವರ್ಷದ ಮಟ್ಟಿಗೆ ಒಪ್ಪಿದ್ದ. ಸೀಟು ಸಿಕ್ಕರೆ ಓದು, ಸಿಗದಿದ್ದರೆ ಬಂದ ಸಂಬಂಧಕ್ಕೆ ಹೂಂ ಅನ್ನಬೇಕು. ವಾಡಿ ಪ್ಲಾಟ್‌ಫಾರ್ಮಿಗೆ ನನ್ನನ್ನು ಕಳಿಸಲು ಬಂದಾಗ ಒಮ್ಮೆ ಅವಳೇ ಹೇಳಿದಳು.

"ನಾಕರಾಗ ಬಂದ್ರ ನಾ ಉಳಿತೀನಿ ಪದ್ಮಾ. ಐದರಾಗ ಬಂದ್ರ ಇಲ್ಲ. ಇಷ್ಟೇ ಅದ ನೋಡು ನಂದು."

ನಾನು ಬಾಯಿಮಾತಿಗೆ, "ಫಿಕರ್ ಮಾಡಬ್ಯಾಡ, ಬರ್ತೀವಿ" ಎಂದೆ. ಆಡಿದ ಮೇಲೆ ಆ ಮಾತು ನನ್ನ ಹೊಟ್ಟೆಯಲ್ಲೇ ಕುಳಿತುಬಿಟ್ಟಿತು.

ನನ್ನ ಮನೆಯಲ್ಲಿ ಬೇರೆ ಗಲಾಟೆ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು, ಬೆಳಗಿನ ಸಂಧ್ಯಾವಂದನೆ, ಸಂಜೆಯ ರಾಯರ ಗುಡಿ ತಪ್ಪಿಸಿದವರಲ್ಲ. ಮಗಳು ಪ್ಯಾಂಟು ಹಾಕಿಕೊಂಡು ಎರಡು ದಿನದ ರೈಲು ಪ್ರಯಾಣ ಮಾಡಿ ಆಡಲು ಹೋಗುವುದನ್ನು ಒಪ್ಪಲೂ ಆಗದೆ, ಬೇಡವೆನ್ನಲೂ ಆಗದೆ ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ಅಜ್ಜಿ ಅವಲಕ್ಕಿ, ಚಟ್ನಿಪುಡಿ, ರವೆ ಉಂಡೆಯ ಡಬ್ಬಿ ಕಟ್ಟಿ, "ಅಲ್ಲಿ ಏಕಾದಶಿ ಬರ್ತದ. ಆಟ ಅಂತ ಹೇಳಿ ಕಂಡಿದ್ದು ತಿನಬ್ಯಾಡ. ದೇವರು ಅಲ್ಲಿನೂ ಇರ್ತಾನ" ಎಂದು ಎಚ್ಚರಿಸಿದಳು. ಏಕಾದಶಿ ಬಂದಿದ್ದು ಕ್ವಾರ್ಟರ್ ಫೈನಲಿನ ದಿನವೇ. ನಾನು ಬೆಳಿಗ್ಗೆ ನಾಲ್ಕು ಪೂರಿ ತಿಂದೆ. ಅದರಿಂದಲೇ ಹಾಗಾಯಿತೇ ಎಂದು ಎಷ್ಟೋ ವರ್ಷ ಒಳಗೊಳಗೇ ಅಂಜಿದ್ದೇನೆ.

ಸುತ್ತಲೂ ತೊಗರಿ ಒಣಗಿ ಕೊಯ್ಲಿಗೆ ಬಂದಿದ್ದಾಗ ನಾವು ವಾಡಿಯಲ್ಲಿ ರೈಲು ಹತ್ತಿದೆವು. ಹದಿನಾಲ್ಕು ಹುಡುಗಿಯರು, ಸರ್, ಜೊತೆಗೆ ಕಾಲೇಜಿನ ಒಬ್ಬ ಮೇಡಂ. ಎರಡನೇ ದಿನಕ್ಕೆ ಕಿಟಕಿಯಾಚೆ ಮಂಜು ಬಿಟ್ಟರೆ ಏನೂ ಕಾಣದಾಯಿತು. ನಮ್ಮಲ್ಲಿ ಸ್ವೆಟರ್ ಇದ್ದವರು ಐದು ಜನ. ಪಾಳಿ ಹಚ್ಚಿ ಹಾಕಿಕೊಂಡೆವು. ಇಳಿದ ಊರಿನಲ್ಲಿ ಬಾಯಿ ತೆರೆದರೆ ಹೊಗೆ ಬರುತ್ತಿತ್ತು. ಬೆರಳು ಮಡಚಿದರೆ ಬಿಚ್ಚಲು ಹೊತ್ತು ಹಿಡಿಯುತ್ತಿತ್ತು. ಮಾದೇವಿ ಮಾತ್ರ ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೇ ಇರುತ್ತಿದ್ದಳು, ಊಟಕ್ಕೆ ಕುಳಿತಾಗಷ್ಟೇ ಹೊರಗೆ ತೆಗೆಯುತ್ತಿದ್ದಳು.

ಮರುದಿನ ಮೈದಾನ ನೋಡಲು ಹೋದೆವು. ಮಾದೇವಿ ಒಂದನೇ ಬೇಸಿನ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಬೆರಳು ಒಳಗೆ ಇಳಿಯಿತು.

"ಸರ್, ಇದು ಗಾದಿ ಅದರಿ!"

ಆಚೆ ಮೈದಾನದಲ್ಲಿ ಬೇರೆ ರಾಜ್ಯದ ಹುಡುಗಿಯರು ಅಭ್ಯಾಸ ಮಾಡುತ್ತಿದ್ದರು. ಒಬ್ಬಳು ಓಡಿ ಬಂದವಳು ನಿಲ್ಲಲಿಲ್ಲ, ಇಳಿಸಲೂ ಇಲ್ಲ, ನೆಲಕ್ಕೆ ಬಿದ್ದು ಧೂಳಿನಲ್ಲಿ ಜಾರುತ್ತ ಬಂದು ಕಾಲಿನಿಂದ ಬೇಸನ್ನು ಒದ್ದಳು. ನಾನು ಕಿಟ್ಟನೆ ಕಿರುಚಿದೆ. ಅವಳು ಎದ್ದು ಪ್ಯಾಂಟು ಕೊಡವಿಕೊಂಡು ನಮ್ಮನ್ನು ನೋಡಿ ನಕ್ಕಳು. ಮೌಲಾಸಾಬ್ ಸರ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಆಮೇಲೆ, "ಎಲ್ಲಾರೂ ಬರ್ರಿ. ಇವತ್ತು ಬರೀ ಓಡೋದು. ಫರಸಿ ಮರೀರಿ. ಇಲ್ಲಿ ಯಾರೂ ಜಾರಂಗಿಲ್ಲ" ಎಂದರು. ಮೂರು ತಿಂಗಳ ಅಂಜಿಕೆಯನ್ನು ಒಂದು ಮಧ್ಯಾಹ್ನದಲ್ಲಿ ಕಾಲಿನಿಂದ ತೆಗೆಯಬೇಕಿತ್ತು. ಸಂಜೆಯ ಹೊತ್ತಿಗೆ ಎಲ್ಲರೂ ಸರಾಗವಾಗಿ ಓಡುತ್ತಿದ್ದರು, ನಾನೂ ಓಡಿದೆ. ಆದರೆ ಪ್ರತಿ ಸಲ ಬೇಸು ಹತ್ತಿರ ಬಂದಾಗ ಮೊಣಕಾಲಿಗೆ ಬುದ್ಧಿ ಹೇಳಬೇಕಾಗುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಮೊದಲ ಎರಡು ಪಂದ್ಯಗಳನ್ನು ಮಾದೇವಿ ಒಬ್ಬಳೇ ಗೆದ್ದಳು ಎಂದರೂ ನಡೆಯುತ್ತದೆ. ಅವಳ ತೋಳು ಸುತ್ತಿದ್ದು ಕಾಣುತ್ತಿತ್ತು, ಚೆಂಡು ಕಾಣುತ್ತಿರಲಿಲ್ಲ. ಎದುರು ತಂಡದ ಕೋಚು ಬಂದು ಸರ್ ಅವರನ್ನು ಹಿಂದಿಯಲ್ಲಿ, ಈ ಹುಡುಗಿ ಎಲ್ಲಿ ತರಬೇತಿ ಪಡೆದವಳು ಎಂದು ಕೇಳಿದರು. ಸರ್ ಗಂಭೀರವಾಗಿ, "ಜ್ವಾರೀ ಕೇ ಖೇತ್ ಮೇಂ", ಜೋಳದ ಹೊಲದಲ್ಲಿ, ಎಂದರು. ಇನ್ನೊಂದು ಗೆದ್ದರೆ ನಾಲ್ಕರೊಳಗೆ. ಆ ದಿನ ನಾನು ಮಾದೇವಿಯ ಪಕ್ಕದಲ್ಲೇ ಕುಳಿತಿದ್ದೆ. ಅವಳು ಏನು ಲೆಕ್ಕ ಹಾಕುತ್ತಿದ್ದಾಳೆಂದು ನನಗೆ ಗೊತ್ತಿತ್ತು.

ಕ್ವಾರ್ಟರ್ ಫೈನಲ್ ಆತಿಥೇಯ ತಂಡದ ಎದುರಿಗೆ. ಅವರ ಊರು, ಅವರ ಮಂಜು, ಅವರ ಗದ್ದಲ. ಕೊನೆಯ ಸರದಿಗೆ ಬಂದಾಗ ಅವರದು ಮೂರು ರನ್, ನಮ್ಮದು ಎರಡು. ನಮ್ಮ ಇಬ್ಬರು ಔಟಾಗಿದ್ದರು, ಇನ್ನೊಬ್ಬರು ಔಟಾದರೆ ಆಟ ಮುಗಿಯುತ್ತಿತ್ತು. ಮೂರನೇ ಬೇಸಿನಲ್ಲಿ ನಾನು, ನನ್ನ ಹಿಂದೆ ಎರಡನೆಯದರಲ್ಲಿ ಸೇಡಂನ ಹುಡುಗಿ. ಬ್ಯಾಟು ಹಿಡಿದು ನಿಂತವಳು ಮಾದೇವಿ. ನಾನು ಮನೆ ಮುಟ್ಟಿದರೆ ಸರಿಸಮ, ಆಮೇಲೆ ಅವಳದೊಂದು ಹೊಡೆತ ಸಾಕಿತ್ತು. ಅವಳು ಹೊಡೆಯುತ್ತಾಳೆ ಎನ್ನುವುದರಲ್ಲಿ ನಮ್ಮಲ್ಲಿ ಯಾರಿಗೂ ಸಂಶಯ ಇರಲಿಲ್ಲ.

ಅವರ ಹುಡುಗಿ ಎಸೆದ ಚೆಂಡು ಕೈ ಜಾರಿ ನೆಲಕ್ಕೆ ಬಡಿದು, ಹಿಂದೆ ಹಿಡಿಯಲು ಕುಳಿತವಳನ್ನು ದಾಟಿ ಉರುಳಿತು. ಸರ್ ಗಂಟಲು ಹರಿಯುವಂತೆ "ಭಾಗ್ ಪದ್ಮಾ, ಭಾಗ್!" ಎಂದು ಕೂಗಿದರು. ಓಡಿದೆ. ಅಷ್ಟು ಜೋರಾಗಿ ನಾನು ಅದಕ್ಕೂ ಮೊದಲು ಓಡಿಲ್ಲ, ಆಮೇಲೂ ಓಡಿಲ್ಲ. ಚೆಂಡಿನ ಹಿಂದೆ ಹೋದವಳ ಬೆನ್ನು ಕಾಣುತ್ತಿತ್ತು. ಎಸೆದವಳು ಮನೆಯ ಕಡೆ ಓಡಿ ಬರುವುದು ಕಾಣುತ್ತಿತ್ತು. ನಾನೇ ಮುಂದಿದ್ದೆ, ಧಾರಾಳವಾಗಿ ಮುಂದಿದ್ದೆ. ನೆಲದಲ್ಲಿ ಬಿಳಿ ಚೌಕ ಕಂಡಿತು. ಮೂರು ಹೆಜ್ಜೆ ಇತ್ತು.

ಸಣ್ಣ ಹೆಜ್ಜೆ ಹಾಕಿದೆ. ಒಂದು, ಎರಡು, ಮೂರು, ಅಚ್ಚುಕಟ್ಟಾಗಿ, ಶಹಾಬಾದಿನಲ್ಲಿ ಹಾಕಿದ ಹಾಗೆಯೇ. ಯಾರೂ ಕೂಗಿರಲಿಲ್ಲ. ಕೂಗಿದ್ದರೆ ಅವರ ಮೇಲೆ ಹಾಕಿ ಹಗುರಾಗಬಹುದಿತ್ತು. ಮೂರನೆಯ ಹೆಜ್ಜೆ ಚೌಕಕ್ಕೆ ತಾಗುವ ಮೊದಲು, ಓಡಿ ಬಂದಿದ್ದವಳ ಚೆಂಡಿದ್ದ ಕೈ ನನ್ನ ಭುಜ ಮುಟ್ಟಿತು. ಅಂಪೈರು ಔಟೆಂದು ಮುಷ್ಟಿ ಎತ್ತಿದರು. ಸುತ್ತ ಗದ್ದಲವೋ ಗದ್ದಲ.

ಮಾದೇವಿ ಬ್ಯಾಟು ಹಿಡಿದು ನನ್ನಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದಳು. ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ನನ್ನ ಕಾಲನ್ನು.

ಸರ್ ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು. "ಗಲತಿ ನಿಂದಲ್ಲ ಬೇಟಾ. ಆ ಕಲ್ಲು ಹೂಳಿಸಿದಾಂವ ನಾನು" ಎಂದರು. ನಾನು ಅತ್ತೆ, ಹುಡುಗಿಯರು ಅತ್ತರು, ಮೇಡಂ ಕೂಡ ಕಣ್ಣು ಒರೆಸಿಕೊಂಡರು. ಮಾದೇವಿ ಬ್ಯಾಟುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿ ಹಗ್ಗ ಬಿಗಿದಳು. ತಿರುಗಿ ಬರುವ ಎರಡು ದಿನ ಅವಳು ನನಗೆ ನೀರು ಕೊಟ್ಟಳು, ಊಟ ಕೊಟ್ಟಳು, ಸ್ವೆಟರಿನ ಪಾಳಿ ಬಂದಾಗ ಸ್ವೆಟರ್ ಕೊಟ್ಟಳು. ಮಾತು ಕೊಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ವಾಡಿಯಲ್ಲಿ ಇಳಿದಾಗ ಚಿತ್ತಾಪುರದ ಗಾಡಿಗೆ ಇನ್ನೂ ಹೊತ್ತಿತ್ತು, ಅವಳು ದಂಡೋತಿಯ ಕಡೆಗೆ ಸವಾರಿ ಹುಡುಕುತ್ತ ಹೋಗಿಬಿಟ್ಟಳು. ಪ್ರಮಾಣಪತ್ರಗಳು ಒಂದು ತಿಂಗಳ ಮೇಲೆ ಬಂದವು. ಎಲ್ಲರದ್ದರಲ್ಲೂ 'ಭಾಗವಹಿಸಿದ್ದಾರೆ' ಎಂದಷ್ಟೇ ಇತ್ತು.

ಆಮೇಲೆ ಪರೀಕ್ಷೆ ಎಂಬ ನೆಪ ಹಿಡಿದು ನಾನು ಮೈದಾನದ ಕಡೆಗೆ ಹೋಗಲಿಲ್ಲ. ಅವಳು ಎದುರಾಗಬಹುದಾದ ಬಾಗಿಲು, ಮೆಟ್ಟಿಲುಗಳನ್ನೆಲ್ಲ ತಪ್ಪಿಸಿ ಓಡಾಡಿದೆ. ಅವಳಿಗೆ ಸಂಬಂಧ ಗಟ್ಟಿಯಾಗುತ್ತಿದೆ ಎಂದು ಯಾರೋ ಹೇಳಿದರು. ಆ ದಿನ ನನಗೆ ಊಟ ಸೇರಲಿಲ್ಲ. ಫಲಿತಾಂಶ ಬಂತು, ನನಗೆ ಫಸ್ಟ್ ಕ್ಲಾಸು. ಅಪ್ಪ ಪೇಢೆ ತಂದರು. ನನಗೆ ಮುಂದೇನು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ, ಬಿಸಿಲಿಗೆ ಓಣಿಯಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲಿ, ಮಾದೇವಿ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ಒದ್ದೆ ಟವೆಲು, ಕೈಯಲ್ಲಿ ಒಂದು ಕಂದು ಲಕೋಟೆ. ಅಜ್ಜಿ ಮಜ್ಜಿಗೆ ಕೊಟ್ಟಳು. ಅಪ್ಪ ಪೇಪರು ಕೆಳಗಿಟ್ಟು "ಕುಂದ್ರವ್ವಾ" ಎಂದರು. ಅವಳು ಕೂರದೆ ಅಪ್ಪನಿಗೇ ನೇರವಾಗಿ ಹೇಳಿದಳು.

"ಸರ್, ಪದ್ಮಾಗ ದೈಹಿಕ ಶಿಕ್ಷಣದ ಕಾಲೇಜಿಗೆ ಕಳಸ್ರಿ. ಅಕಿ ಮಾರ್ಕ್ಸಿಗೆ ಆ ಸರ್ಟಿಫಿಕೇಟು ಸೇರಿಸಿದ್ರ ಸೀಟು ಸಿಗತದ. ನಾ ಆಫೀಸಿನಾಗ ಕೇಳಿಕೊಂಡೇ ಬಂದೀನಿ. ನೌಕರಿ ಖಾತ್ರಿ ಇರೋ ಕೋರ್ಸು ಅದರಿ. ನಾಳೆಗೆ ಕಡೀ ದಿನ."

ಅಪ್ಪ ನನ್ನ ಮುಖ ನೋಡಿದರು, ಅಜ್ಜಿಯ ಮುಖ ನೋಡಿದರು. "ಹೆಣ್ಣುಮಕ್ಕಳ ಹಾಸ್ಟೆಲ್ ಅದ ಏನು ಅಲ್ಲಿ?" ಎಂದು ಕೇಳಿದರು. ಆ ಪ್ರಶ್ನೆ ಕೇಳಿದರೆಂದರೆ ಅಪ್ಪ ಒಪ್ಪಿದರೆಂದೇ ಅರ್ಥ.

ನಾನು ಅವಳನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ. "ನಿಂದು? ನಿಂದು ಏನಾತು?" ಎಂದೆ.

"ನಂದು ಕೂಡಿಸಿ ನೋಡೀನಿ. ಮುಟ್ಟಂಗಿಲ್ಲ."

"ನಾ ಹಾಕಂಗಿಲ್ಲ ಮಾದೇವಿ. ಅದು ನಿನ್ನ ಸೀಟು. ನನ್ನ ಕಾಲಿನಿಂದ ಹೋದದ್ದು."

ಅವಳಿಗೆ ಸಿಟ್ಟು ಬಂತು. ಮೈದಾನದಲ್ಲಿ ಬಂದಿರಬೇಕಾಗಿದ್ದ ಸಿಟ್ಟು ಅದು. "ನಿನಗ ಮಾಫ್ ಮಾಡೀನಿ ಅಂತ ತಿಳಿಬ್ಯಾಡ. ಸಿಟ್ಟು ಅದ, ಇರ್ತದ. ಆ ಹೆಜ್ಜಿ ಕಣ್ಣಿಗೆ ಕಟ್ಟಿಬಿಟ್ಟದ ನಂಗ. ಆದ್ರ ಇಬ್ಬರೂ ಮನ್ಯಾಗ ಕುಂತ್ರ ಅದರಿಂದ ಯಾರಿಗೇನು ಸಿಗತದ? ಬಸ್ಸಿನಾಗ ನಿಂತು ಕಲಬುರಗಿಗಿ ಹೋಗಿ ತಂದ ಫಾರ್ಮು ಖಾಲಿ ಹೋಗೋದು ನಂಗ ಬ್ಯಾಡ. ಸಹಿ ಮಾಡು" ಎಂದಳು.

ಲಕೋಟೆಯಿಂದ ಫಾರ್ಮು ತೆಗೆದು ಒಗೆಯುವ ಕಲ್ಲಿನ ಮೇಲೆ ಹಾಸಿದಳು. ಎಲ್ಲ ಅವಳೇ ತುಂಬಿದ್ದಳು, ನನ್ನ ಅಪ್ಪನ ಹೆಸರು, ನಮ್ಮ ಓಣಿಯ ವಿಳಾಸ, ನಮ್ಮ ಜಾತಿ, ಆಟದ ಮುಂದೆ ಸಾಫ್ಟ್‌ಬಾಲ್. ಮೊದಲ ಸಾಲಿನಲ್ಲಿ ಮಾತ್ರ ಒಂದು ಹೆಸರನ್ನು ಗೀಟು ಹಾಕಿ ಹೊಡೆದು, ಅದರ ಮೇಲೆ ನನ್ನ ಹೆಸರು ಬರೆದಿತ್ತು. ಗೀಟಿನ ಕೆಳಗಿನ ಅಕ್ಷರಗಳನ್ನು ಸಲೀಸಾಗಿ ಓದಬಹುದಿತ್ತು. ಅವಳ ಹೆಸರು, ಅವಳ ಅಪ್ಪನ ಹೆಸರು, ದಂಡೋತಿ.

"ಗೀಟು ಹೊಡೆದ ಕಡೆ ಬಾಜೂಕ ಅರ್ಜಿ ಹಾಕಿದವರ ಸಹಿ ಬೇಕಂತ" ಎಂದು ಪೆನ್ನು ಮುಂದೆ ಹಿಡಿದಳು.

ನಾನು ಬೇಡವೆನ್ನಬೇಕಾಗಿತ್ತು. ಇನ್ನೊಂದು ಸಲ ಅಂದಿದ್ದರೆ ಅವಳು ಆ ಕಾಗದ ಹರಿದು ಹೋಗಿಬಿಡುತ್ತಿದ್ದಳು, ಅದೂ ನನಗೆ ಗೊತ್ತಿತ್ತು. ಅಷ್ಟು ದಿನ ಒಳಗೆ ಕುದಿದ ನಾಚಿಕೆ, ಅಂಜಿಕೆ ಎಲ್ಲ ಹಾಗೇ ಇದ್ದವು, ಅವುಗಳ ಜೊತೆಯಲ್ಲೇ ಆ ಸೀಟು ನನಗೆ ಬೇಕು ಎಂಬ ಆಸೆಯೂ ಹುಟ್ಟಿ ನಿಂತುಬಿಟ್ಟಿತ್ತು. ಪೆನ್ನು ತೆಗೆದುಕೊಂಡೆ. ಹೊಡೆದು ಹಾಕಿದ ಅವಳ ಹೆಸರಿನ ಪಕ್ಕದಲ್ಲಿ ನನ್ನ ಸಹಿ ಮಾಡಿದೆ.